ಅತ್ತಿಗೆಯ ಧಾರಾವಾಹಿಯ ಅತ್ತೆ

ನಮ್ಮ ಅತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಭುಜ ಇಳಿದಿರುವವರ ಕೋಟಿಗೆ ಒಳಗಡೆ ಒಂದು ಪದರ ಬಟ್ಟೆ ಸೇರಿಸಿ, ಆಸಾಮಿ ನೆಟ್ಟಗೆ ಕಾಣುವಂತೆ ಮಾಡಿಬಿಡುತ್ತಾರೆ. ಯಾರು ಏನಂದರೂ ತುಟಿ ಪಿಟಕ್ಕೆನ್ನದೆ ನುಂಗಿಕೊಳ್ಳುತ್ತಾರೆ. ನುಂಗಿದ್ದನ್ನೆಲ್ಲ ತಾವು ವಾರಪತ್ರಿಕೆಗೆ ಬರೆಯುವ ಧಾರಾವಾಹಿಯಲ್ಲಿ ಕಕ್ಕುತ್ತಾರೆ.

ಅದರಲ್ಲಿನ ಸೊಸೆ ಬೈದರೂ ನಗುತ್ತಾಳೆ, ಜ್ವರ ಬಂದರೂ ನೆಲ ಒರೆಸುತ್ತಾಳೆ. ಅತ್ತೆಯೋ, ನಿದ್ದೆಯಲ್ಲೂ ಯಾರಿಗಾದರೂ ಶಾಪ ಹಾಕುತ್ತಿರುತ್ತಾಳೆ. ಒಂದು ಕಣ್ಣು ಸಣ್ಣ ಮಾಡಿ ಮಾತಾಡುವುದು, ತೊಳೆದ ಪಾತ್ರೆಯನ್ನು ಮತ್ತೆ ತೊಳೆಸುವುದು, ಎಲ್ಲ ನಮ್ಮಮ್ಮನದೇ. ಅಮ್ಮ ಅದೇ ಕೋಣೆಯಲ್ಲಿ ಗುಂಡಿ ಹೊಲಿಯುತ್ತ, ಪ್ರತಿ ಕಂತನ್ನೂ ನನ್ನಿಂದ ಓದಿಸಿಕೊಂಡು, ಎಂಥ ಕೆಟ್ಟ ಹೆಂಗಸಪ್ಪ ಅನ್ನುತ್ತಿದ್ದಳು. ಓದುವ ನನಗೆ ಬೆವರು ಕಿತ್ತು ಬರುತ್ತಿತ್ತು.

ಹೀಗಿರುವಾಗ ಸಂಪಾದಕರು ಫೋನ್ ಮಾಡಿದರು. ಅತ್ತೆಗೊಂದು ಒಳ್ಳೆ ಗುಣ, ಸೊಸೆಗೊಂದು ಕೆಟ್ಟ ಗುಣ ಬರಲಿ, ಇಲ್ಲದಿದ್ದರೆ ಈ ಕಂತಿಗೇ ನಿಲ್ಲಿಸಿಬಿಡೋಣ ಎಂದರಂತೆ. ಅತ್ತಿಗೆ ಕತ್ತರಿ ಕೆಳಗಿಟ್ಟು ಅತ್ತುಬಿಟ್ಟರು. ದಿನವಿಡೀ ಊರವರ ಅಳತೆ ಹಿಡಿಯುವ ಹೆಂಗಸಿಗೆ ತನ್ನದು ಅಂತ ಇದ್ದದ್ದು ಅದೊಂದೇ.

ಮೊದಲು ಕಥೆಯ ಅತ್ತೆಯ ಕೈಯಿಂದ ಬೆಕ್ಕಿಗೆ ಹಾಲು ಹಾಕಿಸಿದರು. ಯಾಕೋ ಅವರಿಗೇ ನಂಬಿಕೆ ಬರದೆ, ಮುಂದಿನ ಸಾಲಿನಲ್ಲೇ ಬೆಕ್ಕು ಓಡಿಹೋಯಿತು. ಕೊನೆಗೆ ನಾಚಿಕೆ ಬಿಟ್ಟು ನನ್ನನ್ನೇ ಕೇಳಿದರು, ನಿಮ್ಮಮ್ಮನಲ್ಲಿ ಒಳ್ಳೇದೇನಿದೆ ಅಂತ. ಹೆತ್ತ ಮಗ ನಾನು, ತಲೆ ಕೆರೆದುಕೊಂಡೆ.

ಆಮೇಲೆ ಅತ್ತಿಗೆಗೇ ನೆನಪಾಯಿತು. ಅವರು ಈ ಮನೆಗೆ ಬಂದ ಹೊಸತರಲ್ಲಿ ಒಬ್ಬ ವಕೀಲರ ಕೋಟಿಗೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟಿದ್ದರು. ವಕೀಲರು ಕೂಗಾಡಿದಾಗ ಅಮ್ಮ ಮುಂದೆ ಬಂದು, ಕತ್ತರಿಸಿದ್ದು ನಾನೇ, ಕಣ್ಣು ಮಂಜಾಗಿದೆ ಎಂದು ಎಲ್ಲ ಬೈಗುಳ ತಾನೇ ತಿಂದಿದ್ದಳು. ವಕೀಲರು ಹೋದಮೇಲೆ ಅತ್ತಿಗೆಯನ್ನು ತಿಂಗಳುಗಟ್ಟಲೆ ಬೈದಳು, ಅದು ಬೇರೆ ಮಾತು. ಅತ್ತಿಗೆ ಅದನ್ನು ಬೈಗುಳದ ಸಮೇತ ಬರೆದರು. ಸೊಸೆಯ ಕೆಟ್ಟ ಗುಣ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ.

ಆ ಅರ್ಧ ಕಂತನ್ನೇ ಅಮ್ಮ ಓದು ಎಂದಳು. ಕೋಟಿನ ಪ್ರಸಂಗ ಬರುತ್ತಲೇ ಅವಳ ಕೈಯ ಸೂಜಿ ನಿಂತಿತು.

"ಅಂತೂ ಬರೆದ್ಯಲ್ಲ," ಅಂದಳು ಅತ್ತಿಗೆಯತ್ತ ತಿರುಗಿ. "ಮರ್ತೇಬಿಟ್ಟಿದ್ದೀಯೇನೋ ಅಂದ್ಕೊಂಡಿದ್ದೆ."

ಇಷ್ಟು ದಿನ ಎಲ್ಲ ಗೊತ್ತಿದ್ದೂ ಕೇಳುತ್ತ ಕೂತಿದ್ದಳಲ್ಲ ಈ ಮುದುಕಿ ಎಂದು ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಸೊಸೆಗೊಂದು ಕೆಟ್ಟ ಗುಣ ಬೇಕಂತಲ್ಲ," ಅಮ್ಮ ಸ್ಟೂಲು ಹತ್ತಿರ ಎಳೆದುಕೊಂಡಳು. "ಬರ್ಕೋ. ಅತ್ತೆ ಎದುರಿಗೆ ಬಾಯಿ ಬಿಡಲ್ಲ, ಊರಿಗೆಲ್ಲ ಹೇಳ್ಕೊಂಡು ಬರ್ತಾಳೆ."

ಅತ್ತಿಗೆ ಪೆನ್ನು ಕೈಗೆತ್ತಿಕೊಂಡರು, ಬರೆಯದೆ ಕೆಳಗಿಟ್ಟರು. ಆಮೇಲೆ ತಲೆ ಎತ್ತಿದರು.

"ಹಾಗಾದ್ರೆ ಎದುರಿಗೇ ಹೇಳ್ತೀನಿ ಅತ್ತೆ. ನಿಮ್ಮ ಜೊತೆ ಬಾಳೋದು ಬಹಳ ಕಷ್ಟ."

"ಹೂಂ, ಅದನ್ನೂ ಹಾಕು," ಅಂದಳು ಅಮ್ಮ. "ಕಂತು ತುಂಬುತ್ತೆ."