ಸೆಟಲ್ ಆದ ಮಾಪಣ್ಣ

ಠಾಣೆ ಶಹರದ ಹತ್ತಿರ, ಕಳವಾ ಊರಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ಮಾಪಣ್ಣ ಒಳ್ಳೆಯವನೇ. ಬುದ್ಧಿ ಮಾತ್ರ ಆಗಾಗ ಕೈಕೊಡುತ್ತದೆ. ರಾಯಚೂರಿನ ಕಡೆಯವನು, ಐರೋಲಿಯ ಕಚೇರಿಯೊಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಅಲ್ಲಿ ಗೇಟಿನ ಬಳಿ ಬ್ಯಾಂಕಿನ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಯೊಬ್ಬಳು ಅವನನ್ನು 'ಸರ್' ಎಂದಳು. ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಕ್ರೆಡಿಟ್ ಕಾರ್ಡ್ ತೆಗೆದುಕೊಂಡುಬಿಟ್ಟ.

ಫ್ರಿಜ್ ಬಂತು, ಟಿವಿ ಬಂತು, ಆಮೇಲೆ ಬ್ಯಾಂಕಿನ ಫೋನ್ ಬಂತು. ಮಾಪಣ್ಣ ಎತ್ತಲಿಲ್ಲ. ವಸೂಲಿಯವರು ನನಗೆ ಫೋನ್ ಮಾಡಿ ಬೈದರು. ಅರ್ಜಿಯಲ್ಲಿ ಪರಿಚಯದವರು ಎಂದು ನನ್ನ ನಂಬರ್ ಕೊಟ್ಟಿದ್ದನಂತೆ, ಪುಣ್ಯಾತ್ಮ!

ಕೊನೆಗೆ ವಸೂಲಿಯವನೊಬ್ಬ, "ಆಧಾ ಭರ್ ದೋ, ಸೆಟಲ್‌ಮೆಂಟ್ ಕರಾ ದೇತಾ ಹೂಂ" ಎಂದ. ಮಾಪಣ್ಣ ಅರ್ಧ ಕಟ್ಟಿದ. ಖಾತೆ 'ಸೆಟಲ್ಡ್' ಎಂದು ಬ್ಯಾಂಕಿನವರು ತಿಳಿಸಿದರು. ನಮ್ಮ ಜನರಿಗೆ ಅದಕ್ಕಿಂತ ದೊಡ್ಡ ಮಾತುಂಟೇ? ಹುಡುಗ ಸೆಟಲ್ ಆಗಿದ್ದಾನೆ ಎಂದರೆ ಕಣ್ಣು ಮುಚ್ಚಿ ಹೆಣ್ಣು ಕೊಡುತ್ತೇವೆ. ಮಾಪಣ್ಣ ಚಾಳಿಗೆಲ್ಲ ಪೇಡೆ ಹಂಚಿದ. ನಾನೂ ತಿಂದೆ.

ಅವನ ಹೆಂಡತಿ ದಾನಮ್ಮನಿಗೆ ಒಂದೇ ಆಸೆ: ಸಂಡಾಸು ಒಳಗೇ ಇರುವ ಸ್ವಂತ ಮನೆ. ಚಾಳಿನ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತು ಅವಳಿಗೆ ಸಾಕಾಗಿಹೋಗಿತ್ತು. ಈ ವರ್ಷ ಹತ್ತಿರದ ದಿವಾ ಊರಿನಲ್ಲಿ ಒಂದು ಮನೆ ಸಿಕ್ಕಿತು. ಅವಳ ಬಳೆ ಮಾರಿ ಟೋಕನ್ ಎಂದು ಮುಂಗಡ ಕೊಟ್ಟರು. ಉಳಿದದ್ದಕ್ಕೆ ಸಾಲ ಕೇಳಲು ಮಾಪಣ್ಣ ನನ್ನನ್ನೂ ಠಾಣೆಯ ಬ್ಯಾಂಕಿಗೆ ಎಳೆದುಕೊಂಡು ಹೋದ. ಅಲ್ಲಿ ಸಾಲದ ಕೆಲಸ ನೋಡುತ್ತಿದ್ದವಳು ಸೌಜನ್ಯ ಎಂಬ ಮೈಸೂರಿನ ಹುಡುಗಿ. ಕಂಪ್ಯೂಟರ್ ನೋಡಿ ಮುಖ ಸಣ್ಣ ಮಾಡಿದಳು.

"ಸರ್, ನಿಮ್ಮ ಹಳೇ ಕಾರ್ಡು ಸೆಟಲ್ಡ್ ಅಂತ ತೋರಿಸ್ತಿದೆ."

"ಹೌದ್ರೀ ಮೇಡಂ!" ಮಾಪಣ್ಣ ಎದೆಯುಬ್ಬಿಸಿದ.

"ಅಂದ್ರೆ ನೀವು ಪೂರ್ತಿ ಕಟ್ಟಿಲ್ಲ, ಸಿಕ್ಕಷ್ಟು ಸಾಕು ಅಂತ ಅವ್ರು ಬಿಟ್ಟಿದಾರೆ ಅಂತ. ಲೋನ್ ಆಗಲ್ಲ ಸರ್. ಕ್ಲೋಸ್ಡ್ ಅಂತ ಇರ್ಬೇಕಿತ್ತು."

"ಕ್ಲೋಸ್ ಅಂದ್ರ ಮನಷ್ಯಾ ಹೋದಂಗಲ್ರೀ?"

ಅವಳು ನಗಲಿಲ್ಲ. ಉಳಿದದ್ದು ಕಟ್ಟಿ ಸರಿಮಾಡಿಸಿಕೊಂಡು ಬನ್ನಿ, ಟೈಮ್ ಹಿಡಿಯುತ್ತೆ ಎಂದಳು.

ಮಾಪಣ್ಣ ವಸೂಲಿಯವನಿಗೆ ಫೋನ್ ಮಾಡಿದ. ಈಗ ಅವನು ಎತ್ತಲಿಲ್ಲ. ಅಷ್ಟರಲ್ಲಿ ದಿವಾದ ಮಾಲೀಕ ಮನೆಯನ್ನು ಬೇರೆಯವರಿಗೆ ಮಾರಿದ. ಟೋಕನ್ ಮಾತ್ರ ವಾಪಸ್ ಕೊಟ್ಟ, ದೇವರಂಥ ಮನುಷ್ಯ. ಆ ದಿನ ದಾನಮ್ಮ ಒಲೆ ಹಚ್ಚಲಿಲ್ಲ. ಆ ಪೇಡೆ ತಿನ್ನುವಾಗ ನಾವು ಒಬ್ಬರಾದರೂ ವಿಚಾರಿಸಬಾರದಿತ್ತೇ!

ಮಾಪಣ್ಣ ಮೆತ್ತಗೆ ಹೇಳಿದ: "ಈ ರೊಕ್ಕದಾಗ ನಿನ್ನ ಬಳಿ ಮಾಡ್ಸೋಣು."

"ಬಳಿ ಬ್ಯಾಡ. ಕಾರ್ಡಿಂದು ಕಟ್ರಿ. ನಾನೂ ಬ್ಯಾಂಕಿಗಿ ಬರ್ತೀನಿ."

"ನೀ ಬಂದೇನ್ ಮಾಡ್ತಿ? ನಿನಗ ಓದಾಕ ಬರಂಗಿಲ್ಲ."

"ನಿಮಗ ಬರ್ತದಲ್ಲ," ಎಂದಳು ದಾನಮ್ಮ, "ಅದಕ್ಕೇ ಹಿಂಗಾಗ್ಯದ."