ಮಾವನ ಎದೆ ಮೇಲಿನ ಸವತಿ

ನನ್ನ ಸೋದರಮಾವನದು ಕಟಿಂಗ್ ಶಾಪು. ಕತ್ತರಿಗಿಂತ ಅವನ ನಾಲಿಗೆ ಚುರುಕು. ಕುರ್ಚಿಯಲ್ಲಿ ಕೂತವರ ತಲೆ ಅವನ ಕೈಗೆ, ಕಿವಿ ಅವನ ಬಾಯಿಗೆ ಒತ್ತೆ.

ಇಂಥವನ ಬಾಯಿ ಕಟ್ಟುತ್ತಿದ್ದದ್ದು ಮಧ್ಯಾಹ್ನದ ನಿದ್ದೆಯೊಂದೇ. ಉಂಡು ಹಿಂದಿನ ಕೋಣೆಯಲ್ಲಿ ಅಡ್ಡಾದರೆ, ಯಾರೋ ಎದೆ ಹತ್ತಿ ಕೂತಂತೆ. ಕೈಕಾಲು ಆಡದು, ಕೂಗಿದರೆ ದನಿ ಹೊರಡದು. ಅತ್ತೆ ಬಂದು ಅಲುಗಿಸಿದರೇ ಬಿಡುಗಡೆ. ಹೀಗೇ ಸತ್ತುಹೋಗುತ್ತೇನೆಂದು ಮಾವ ನಿದ್ದೆಗೇ ಹೆದರತೊಡಗಿದ್ದ.

ನಾನು ಇಂಗ್ಲಿಷ್ ಟೀಚರು. ಧೈರ್ಯ ತುಂಬಲೆಂದು ನೈಟ್‌ಮೇರ್ ಎಂಬ ಪದದ ಹುಟ್ಟು ಹೇಳಿದೆ. ‘ನೈಟ್ ಅಂದ್ರೆ ರಾತ್ರಿ. ಮೇರ್ ಅಂದ್ರೆ ಇಲ್ಲಿ ಕುದುರೆ ಅಲ್ಲ ಮಾವ, ಹಳೇ ಇಂಗ್ಲಿಷಿನ ಒಂದು ಪೀಡೆ. ಮಲಗಿದೋರ ಎದೆ ಮೇಲೆ ಕೂತು ಉಸಿರು ಕಟ್ಟಿಸುತ್ತೆ. ಕೆಟ್ಟ ಕನಸು ಅನ್ನೋ ಅರ್ಥ ಆಮೇಲೆ ಬಂದಿದ್ದು.’

‘ಹಾಗಾದ್ರೆ ಅವರನ್ನೂ ಬಿಟ್ಟಿಲ್ಲ! ನಮ್ಮವಳಿಗೆ ಮಧ್ಯಾಹ್ನದ ಪಾಳಿ, ಅಷ್ಟೇ.’ ಮಾವನ ಹೆದರಿಕೆ ಹಾರಿಹೋಯಿತು. ಆ ಪೀಡೆಗೆ ಸವತಿ ಎಂದು ಹೆಸರಿಟ್ಟು ಅತ್ತೆಯನ್ನು ಗೋಳು ಹೊಯ್ದುಕೊಂಡ.

ಒಂದು ರಜೆಯ ಬೆಳಿಗ್ಗೆ ನಾನು, ಅತ್ತೆ ಅಂಗಡಿಯಲ್ಲಿ ಟವೆಲ್ ಮಡಚುತ್ತಿದ್ದೆವು. ಗಿರಾಕಿಯ ಒಂದು ಕೆನ್ನೆ ಬೋಳಿಸಿ ಮಾವ ಕತ್ತಿ ಕೆಳಗಿಟ್ಟ. ಬೆಂಚಿನ ಮೇಲೆ ಕುಸಿದ.

‘ಬಂದ್ಲು ನೋಡೇ ನಿನ್ನ ಸವತಿ. ಎದೆ ಮೇಲೆ ಕೂತಿದಾಳೆ.’

ಗಿರಾಕಿ ನಕ್ಕ. ‘ಕೂರ್ಲಿ, ನಿಮ್ಮ ಬಾಯಾದ್ರೂ ಮುಚ್ಚುತ್ತೆ’ ಎಂದಳು ಅತ್ತೆ. ನಾನೂ ನಕ್ಕೆ. ಫ್ಯಾನಿನ ಕೆಳಗೇ ಕೂತಿದ್ದರೂ ಮಾವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಬಾಯಿ ಮಾತ್ರ ಮುಚ್ಚಿರಲಿಲ್ಲ.

‘ಮಾವ, ಅವಳು ಬಂದಾಗ ನಿಂಗೆ ಮಾತು ಬರ್ತಿತ್ತಾ?’

‘ಎಲ್ಲಿ ಬರ್ತಿತ್ತೇ?’

‘ಮತ್ತೆ ಈಗ ಮಾತಾಡ್ತಿದೀಯಲ್ಲ! ನೀನು ಮಲಗೇ ಇಲ್ವಲ್ಲ!’

ನಾನು ಟವೆಲ್ ಬಿಸಾಕಿ ಎದ್ದೆ. ‘ಇದು ಅವಳಲ್ಲ, ಆಸ್ಪತ್ರೆಗೆ ನಡಿ!’ ‘ಸ್ವಲ್ಪ ತಡಿ, ಹೋಗ್ತಾಳೆ’ ಎಂದು ಕೈಬೀಸಹೋದ ಮಾವ. ಕೈ ಅರ್ಧಕ್ಕೇ ಬಿತ್ತು.

ಗಿರಾಕಿ ಕೊರಳಿನ ಬಟ್ಟೆ ಕಿತ್ತೆಸೆದು ಕಾರು ತಂದ. ಅರ್ಧ ಮುಖದ ನೊರೆಯಲ್ಲೇ ಆಸ್ಪತ್ರೆಯವರೆಗೂ ಹಾರ್ನ್ ಒತ್ತಿದ. ಹಿಂದಿನ ಸೀಟಿನಲ್ಲಿ ಅತ್ತೆ, ‘ಮಾತಾಡ್ರೀ, ಏನಾದ್ರೂ ಮಾತಾಡ್ತಾನೇ ಇರ್ರೀ’ ಎಂದು ಅಳುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಆ ಮಾತು ಆಡಿದ್ದೇ ಇಲ್ಲ. ಮಾವ ಮಾತಾಡಲಿಲ್ಲ.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಮಾವ ಉಳಿದ.

ಈಗ ಅವನು ಮಲಗಿದಾಗ ಅತ್ತೆ ಪಕ್ಕದಲ್ಲೇ ಕೂರುತ್ತಾಳೆ. ಮೊನ್ನೆ ಮಧ್ಯಾಹ್ನ ಮಾವ ನಿದ್ದೆಯಲ್ಲಿ ನರಳಿದ. ಅತ್ತೆ ಅವನ ಭುಜ ಅಲುಗಿಸಿದಳು. ಮಾವ ಕಣ್ಣುಬಿಟ್ಟು, ‘ಸವತಿ ಬಂದಿದ್ಲು ಕಣೇ’ ಎಂದ.

‘ನಿದ್ದೇಲಿ ತಾನೇ?’ ಅತ್ತೆ ಕಣ್ಣೊರೆಸಿಕೊಂಡಳು. ‘ಬರ್ಲಿ ಬಿಡಿ. ದಿನಾ ಬರ್ಲಿ.’