ಗೋಡೆ ಹತ್ತಬೇಕಿದ್ದ ಕೈ

ಕುಷ್ಟಗಿಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಬಿದ್ದವಳು ನಾನು. ತಪ್ಪು ನನ್ನದೇ, ಡ್ರೈವರನ ಮೇಲೆ ಹಾಕುವುದಿಲ್ಲ. ಬಲಗೈ ಹೆಗಲಿನ ಕೀಲು ತಪ್ಪಿತು. ಕೊಪ್ಪಳದ ಡಾಕ್ಟರು ಅದನ್ನು ಕೂರಿಸಿ, ಮೂರು ವಾರ ಕೈಯನ್ನು ಕೊರಳಿಗೆ ಕಟ್ಟಿಸಿದರು. ಕಟ್ಟು ಬಿಚ್ಚಿದಾಗ ಕೈ ಮೇಲೇಳಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಯಲಬುರ್ಗಾ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಹಂಗಾಮಿ ಟೀಚರು. ಬೋರ್ಡಿನ ಮೇಲೆ ಬರೆಯಲಾಗದಿದ್ದರೆ ಬೇಸಿಗೆ ರಜೆ ಮುಗಿದ ದಿನವೇ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಹೆಡ್ ಮಾಸ್ತರರು ಹೇಳಿ ಕಳಿಸಿದ್ದರು. ಉಳಿದದ್ದು ಐದು ವಾರ.

ಡಾಕ್ಟರು ಎರಡು ವ್ಯಾಯಾಮ ಹೇಳಿದ್ದರು. ಬಗ್ಗಿ ನಿಂತು, ಕೈ ಜೋತುಬಿಟ್ಟು ದುಂಡಗೆ ತಿರುಗಿಸುವುದು ಒಂದು. ಗೋಡೆಗೆ ಬೆರಳು ಹಚ್ಚಿ ಇರುವೆಯಂತೆ ಮೇಲಕ್ಕೆ ಹತ್ತಿಸುವುದು ಇನ್ನೊಂದು. ಅತ್ತೆ ಎರಡು ದಿನ ಸುಮ್ಮನೆ ನೋಡಿದರು. ಬರೀ ಗಾಳಿಯಲ್ಲಿ ಕೈ ಯಾಕೆ ತಿರುವಬೇಕು, ಬೀಸುವ ಕಲ್ಲೂ ದುಂಡಗೇ ತಿರುಗುತ್ತದೆ, ಕೈಯೂ ಸಡಿಲಾಗುತ್ತದೆ, ನುಚ್ಚೂ ಆಗುತ್ತದೆ ಎಂದರು. ನನಗೂ ಅದು ಸರಿ ಅನ್ನಿಸಿತಲ್ಲ, ನನ್ನ ಕರ್ಮ! ಎರಡು ಸೇರು ಜೋಳ ಒಡೆದೆ. ಸಂಜೆಗೆ ಹೆಗಲು ಬಾತು, ಸೆರಗು ಹೊದೆಯಲೂ ಬರದಂತಾಯಿತು.

ಸಿಟ್ಟು ನೆತ್ತಿಗೇರಿತು. ಅತ್ತೆಯ ಜೊತೆ ಮಾತು ಬಿಟ್ಟೆ. ಒಂದು ವಾರ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ಆಮೇಲೆ ಮತ್ತೆ ಗೋಡೆಗೆ ಹೋದೆ. ಬೆರಳು ಸೊಂಟದ ಮಟ್ಟ ದಾಟಲಿಲ್ಲ. ಮುಟ್ಟಿದಲ್ಲಿಗೆ ದಿನಾ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಕೆಲವು ದಿನ ಗೆರೆ ನಿನ್ನೆಗಿಂತ ಕೆಳಗೇ ಬೀಳುತ್ತಿತ್ತು. ಆಗ ಅಳುತ್ತಿದ್ದೆ, ಇದ್ದದ್ದು ಹೇಳುತ್ತೇನೆ. ಮದುವೆಯಾದ ಮೇಲೆ ನನ್ನದು ಅಂತ ಉಳಿದದ್ದು ಆ ಕೆಲಸ ಒಂದೇ. ಶಾಲೆಗೆ ನಾಲ್ಕು ದಿನ ಇರುವಾಗ ಗೆರೆ ಗಲ್ಲದ ಮಟ್ಟಕ್ಕೆ ಬಂದಿತ್ತು.

ಶಾಲೆ ಶುರುವಾದ ದಿನ ಹೆಡ್ ಮಾಸ್ತರರು ಬಾಗಿಲಲ್ಲೇ ನಿಂತರು. ನಾನು ಸೀಮೆಸುಣ್ಣ ಹಿಡಿದು, ತುದಿಗಾಲ ಮೇಲೆ ನಿಂತು, ಉಸಿರು ಬಿಗಿಹಿಡಿದು ಬೋರ್ಡಿನ ಮೇಲ್ಗಡೆ ತಾರೀಖು ಬರೆದೆ. ಅಕ್ಷರ ಓರೆಯಾದವು. ಅವರು ಹಾಜರಿ ಪುಸ್ತಕ ನನ್ನ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು.

ಮನೆಗೆ ಬಂದವಳು ಸಿಟ್ಟು ಮರೆತು, ಕೆಲಸ ಉಳಿಯಿತೆಂದು ಅತ್ತೆಗೆ ಹೇಳಿದೆ. ಗೋಡೆಯ ಮೇಲೆ ಮಾಡಿ ತೋರಿಸು ಎಂದರು. ತೋರಿಸಿದೆ. ಅವರೂ ಪಕ್ಕಕ್ಕೆ ಬಂದು ತಮ್ಮ ಬಲಗೈ ಬೆರಳು ಹಚ್ಚಿದರು. ಎದೆಯ ಮಟ್ಟದಲ್ಲಿ ಕೈ ನಿಂತುಬಿಟ್ಟಿತು. ನಾನು ಮೊಣಕೈ ಹಿಡಿದು ಮೆಲ್ಲಗೆ ಎತ್ತಿದೆ. ಅವರ ಮುಖ ಕಿವುಚಿಕೊಂಡಿತು.

“ಯಾವಾಗಿಂದರಿ ಅತ್ತಿ ಇದು?”

“ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ಬಾವ್ಯಾಗ ಕಾಲು ಜಾರಿ ಬಿದ್ದಿದ್ದೆ. ಬೀಸಿದ್ರ ಹೋಗತೈತಿ ಅಂದ್ರು ನಮ್ಮತ್ತಿ. ಬೀಸಿದೆ.”

ಒಂದು ತಿಂಗಳು ಇವರ ಮುಖ ನೋಡದೆ ಓಡಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಳೆಯಿಂದ ಇಬ್ಬರೂ ಕೂಡಿ ಮಾಡೋಣ ಎಂದೆ.

ಅವರು ಕೈ ಇಳಿಸಿದರು. “ನನಗ ಯಾವ ಬೋರ್ಡ್ ಬರಿಯೂದೈತಿ, ತಂಗಿ?”